ದಪ್ಪ ಹಾಸಿಗೆ ಮಾರುವುದನ್ನು ನಿಲ್ಲಿಸಿದ್ದೇವೆ, ಯಾಕೆ ಅಂತ ಹೇಳುತ್ತೇವೆ

ಆತ್ಮೀಯ ಗ್ರಾಹಕರೇ,

ಕ್ಯಾಂಪಿಂಗ್‌ಗೆ ಅಂತ ನಾವು ಮಾರುತ್ತಿದ್ದ 10 ಸೆಂಟಿಮೀಟರ್ ದಪ್ಪದ, ಒಳಗೆ ಬರೀ ಗಾಳಿ ಇರುವ ಹಾಸಿಗೆ ಈ ತಿಂಗಳಿಂದ ನಮ್ಮಲ್ಲಿ ಸಿಗುವುದಿಲ್ಲ. ಉಳಿದ ಹಾಸಿಗೆಗಳ ಲೇಬಲ್ ಕೂಡ ಬದಲಾಗಿದೆ. ಮೊದಲು ದಪ್ಪವನ್ನು ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದೆವು. ಈಗ ಆ ಜಾಗದಲ್ಲಿ ಆರ್-ವ್ಯಾಲ್ಯೂ, ಅಂದರೆ ಹಾಸಿಗೆ ನೆಲದ ಚಳಿಯನ್ನು ಎಷ್ಟು ತಡೆಯುತ್ತದೆ ಅಂತ ಹೇಳುವ ನಂಬರ್, ಇರುತ್ತದೆ, ಅದರ ಕೆಳಗೆ ಅಗಲ, ತೂಕ, ಕೊನೆಗೆ ದಪ್ಪ.

ಆ ದಪ್ಪ ಹಾಸಿಗೆ ಚೆನ್ನಾಗಿಯೇ ಮಾರಾಟ ಆಗುತ್ತಿತ್ತು. ಅಂಗಡಿಯಲ್ಲಿ ಕೈಯಿಂದ ಒತ್ತಿ ನೋಡಿದವರಿಗೆಲ್ಲ ಇಷ್ಟವಾಗುತ್ತಿತ್ತು, ಬೆಲೆಯೂ ಕಡಿಮೆ ಇತ್ತು. ಆದರೆ ಚಳಿಯ ಜಾಗಕ್ಕೆ ಅದನ್ನು ಒಯ್ದವರು ವಾಪಸ್ ಬಂದು ಒಂದೇ ಮಾತು ಹೇಳುತ್ತಿದ್ದರು: ಮೇಲೆ ಎಷ್ಟು ಹೊದ್ದರೂ ಬೆನ್ನಿಗೆ ಚಳಿ. ನಾವು ಬಹಳ ದಿನ ಇದು ಸ್ಲೀಪಿಂಗ್ ಬ್ಯಾಗಿನ ತೊಂದರೆ ಅಂದುಕೊಂಡಿದ್ದೆವು, ಕೆಲವರಿಗೆ ಇನ್ನೂ ಬೆಚ್ಚನೆಯ ಬ್ಯಾಗ್ ತಗೊಳ್ಳಿ ಅಂತ ಹೇಳಿದ್ದೂ ಇದೆ. ಅದು ತಪ್ಪು ಸಲಹೆ. ಅದಕ್ಕೆ ನಿಮ್ಮ ಕ್ಷಮೆ ಕೇಳುತ್ತೇವೆ. ಕಳೆದ ಚಳಿಗಾಲದಲ್ಲಿ ನಾನೇ ಅದರ ಮೇಲೆ ಎರಡು ರಾತ್ರಿ ಮಲಗಿದೆ. ಮೊದಲ ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ, ಬೆಳಗಿನವರೆಗೆ ಕೂತೇ ಇದ್ದೆ. ಎರಡನೇ ರಾತ್ರಿ ಅದೇ ಹಾಸಿಗೆಯ ಕೆಳಗೆ ಎರಡು ಸೆಂಟಿಮೀಟರ್ ದಪ್ಪದ ಮಡಚುವ ಫೋಮ್ ಚಾಪೆ ಹಾಸಿದೆ. ಚೆನ್ನಾಗಿ ನಿದ್ದೆ ಬಂತು.

ಆಗುವುದು ಇಷ್ಟೇ. ಸ್ಲೀಪಿಂಗ್ ಬ್ಯಾಗ್ ಬೆಚ್ಚಗಿಡುವುದು ಅದರೊಳಗೆ ಉಬ್ಬಿ ನಿಂತ ತುಂಬುವಿಕೆಯಿಂದ. ನೀವು ಮಲಗಿದ ಕೂಡಲೇ ಮೈ ಕೆಳಗಿನ ಭಾಗ ಅಪ್ಪಚ್ಚಿಯಾಗುತ್ತದೆ, ಅಲ್ಲಿ ಅದರ ಕೆಲಸ ಹೆಚ್ಚುಕಡಿಮೆ ಮುಗಿಯಿತು. ಕೆಳಗಿನ ಚಳಿಯನ್ನು ತಡೆಯುವ ಕೆಲಸ ಪೂರ್ತಿ ಹಾಸಿಗೆಯದು. ಬರೀ ಗಾಳಿ ತುಂಬಿದ ಹಾಸಿಗೆಯಲ್ಲಿ ಆ ಗಾಳಿಯನ್ನು ಹಿಡಿದು ನಿಲ್ಲಿಸುವಂಥದ್ದು ಏನೂ ಇಲ್ಲ. ನೀವು ಮಗ್ಗುಲು ಬದಲಿಸಿದಾಗಲೆಲ್ಲ ಅದು ಕಲಕುತ್ತದೆ, ಮೈಯ ಬಿಸಿ ನೆಲಕ್ಕೆ ಹೋಗುತ್ತಲೇ ಇರುತ್ತದೆ. ಫೋಮ್ ಇದ್ದರೆ ಗಾಳಿ ಸಣ್ಣ ಸಣ್ಣ ಗುಳ್ಳೆಗಳಲ್ಲಿ ಸಿಕ್ಕಿ ಅಲ್ಲೇ ನಿಲ್ಲುತ್ತದೆ. ಕೆಲವು ಹಾಸಿಗೆಗಳಲ್ಲಿ ನಾರಿನ ಪದರ ಇರುತ್ತದೆ, ಇನ್ನು ಕೆಲವದರಲ್ಲಿ ಬಿಸಿಯನ್ನು ಮೈ ಕಡೆಗೇ ವಾಪಸ್ ಕಳಿಸುವ ಹೊಳೆಯುವ ತೆಳು ಹಾಳೆ. ಅದಕ್ಕೇ 10 ಸೆಂಟಿಮೀಟರಿನ ಬರೀ ಗಾಳಿಗಿಂತ 2 ಸೆಂಟಿಮೀಟರ್ ಫೋಮ್ ಬೆಚ್ಚಗಿರುವುದು.

ಇದನ್ನು ಅಳೆಯುವ ನಂಬರೇ ಆರ್-ವ್ಯಾಲ್ಯೂ. ಹಾಸಿಗೆಯನ್ನು ಎರಡು ಪ್ಲೇಟ್‌ಗಳ ನಡುವೆ ಇಡುತ್ತಾರೆ. ಮೇಲಿನದು ಮೈಯಷ್ಟು ಬೆಚ್ಚಗೆ, ಕೆಳಗಿನದು ತಣ್ಣಗೆ. ಮೇಲಿನ ಪ್ಲೇಟ್ ಬೆಚ್ಚಗೇ ಉಳಿಯಲು ಎಷ್ಟು ವಿದ್ಯುತ್ ಬೇಕಾಯಿತು ಅಂತ ನೋಡುತ್ತಾರೆ. ಕಡಿಮೆ ಬೇಕಾದಷ್ಟೂ ನಂಬರ್ ಜಾಸ್ತಿ, ಹಾಸಿಗೆ ಬೆಚ್ಚಗೆ. ಮೊದಲು ಒಂದೊಂದು ಕಂಪನಿ ಒಂದೊಂದು ರೀತಿ ಅಳೆಯುತ್ತಿತ್ತು, ಹಾಗಾಗಿ ಒಬ್ಬರ 4 ಮತ್ತು ಇನ್ನೊಬ್ಬರ 4 ಒಂದೇ ಅಂತ ಹೇಳಲು ಬರುತ್ತಿರಲಿಲ್ಲ. 2018ರಲ್ಲಿ ಎಎಸ್‌ಟಿಎಂ ಎಫ್3340 ಅನ್ನುವ ಒಂದೇ ಪರೀಕ್ಷೆ ಬಂತು. ಈಗ ಹೋಲಿಸಿ ನೋಡಬಹುದು. ಇನ್ನು ಮುಂದೆ ನಮ್ಮ ಲೇಬಲ್‌ನಲ್ಲಿ ಇರುವುದು ಈ ಪರೀಕ್ಷೆಯ ನಂಬರ್ ಮಾತ್ರ. ಆ ನಂಬರ್ ಇಲ್ಲದ ಹಾಸಿಗೆಯನ್ನು ಚಳಿಗೆ ಆಗುತ್ತದೆ ಅಂತ ನಾವು ಹೇಳುವುದಿಲ್ಲ. ಮೈನಸ್ ಇಷ್ಟು ಡಿಗ್ರಿವರೆಗೆ ಅಂತ ಪೊಟ್ಟಣದ ಮೇಲೆ ಅಚ್ಚಾಗಿದ್ದರೂ ಸರಿ.

ಎಷ್ಟು ಬೇಕು ಅಂತ ಕೇಳಿದರೆ, ಬೆಚ್ಚನೆಯ ರಾತ್ರಿಗಳಿಗೆ 2ಕ್ಕಿಂತ ಕಡಿಮೆ ಇದ್ದರೂ ನಡೆಯುತ್ತದೆ. ಸ್ವೆಟರ್ ಹಾಕಿಕೊಳ್ಳುವಷ್ಟು ಚಳಿಗೆ 2ರಿಂದ 4. ನೀರು ಹೆಪ್ಪುಗಟ್ಟುವ ಹತ್ತಿರಕ್ಕೆ ಹೋಗುವ ರಾತ್ರಿಗಳಿಗೆ 4ರ ಮೇಲೆ, ಹಿಮದ ಮೇಲೆ ಮಲಗುವುದಾದರೆ 5.5 ಅಥವಾ ಅದಕ್ಕಿಂತ ಜಾಸ್ತಿ. ನಿಮಗೆ ಬೇಗ ಚಳಿ ಹತ್ತುತ್ತದೆ ಅಂತಾದರೆ ಒಂದು ಮೆಟ್ಟಿಲು ಮೇಲಿನದನ್ನೇ ತಗೊಳ್ಳಿ. ಇನ್ನೊಂದು ಒಳ್ಳೆಯ ವಿಷಯ ಇದೆ, ಈ ನಂಬರ್‌ಗಳನ್ನು ಕೂಡಿಸಬಹುದು. 3ರ ಹಾಸಿಗೆ ಕೆಳಗೆ 2ರ ಫೋಮ್ ಚಾಪೆ ಹಾಕಿದರೆ 5. ಮನೆಯಲ್ಲಿ ಈಗಾಗಲೇ ಒಂದು ಹಾಸಿಗೆ ಇದ್ದರೆ ಹೊಸದನ್ನು ಕೊಳ್ಳುವ ಮೊದಲು ಈ ಲೆಕ್ಕ ಹಾಕಿ, ಅದರಿಂದ ನಮಗೆ ಒಂದು ವ್ಯಾಪಾರ ತಪ್ಪಿದರೂ ಪರವಾಗಿಲ್ಲ.

ಹಾಗಂತ ದಪ್ಪಕ್ಕೆ ಬೆಲೆ ಇಲ್ಲ ಅಂತ ಅಲ್ಲ. ಅದರ ಕೆಲಸ ಬೇರೆ. ಮಗ್ಗುಲಾಗಿ ಮಲಗುವವರ ಇಡೀ ಭಾರ ಭುಜ ಮತ್ತು ಸೊಂಟದ ಮೇಲೆ ಬೀಳುತ್ತದೆ, ಅವರಿಗೆ 7 ಸೆಂಟಿಮೀಟರ್ ಅಥವಾ ಹೆಚ್ಚು ಇದ್ದರೆ ಒಳ್ಳೆಯದು. ಅಂಗಾತ ಮಲಗುವವರಿಗೆ 5 ಸಾಕಾಗಬಹುದು. ಬೋರಲಾಗಿ ಮಲಗುವವರಿಗೆ ತೀರಾ ಮೆತ್ತನೆಯದು ಬೇಡ, ನಡು ಕೆಳಗೆ ಜೋತುಬಿದ್ದು ಬೆಳಿಗ್ಗೆ ನೋವು ಬರುತ್ತದೆ.

ಇಲ್ಲಿ ಒಂದು ವಿಷಯ ಒತ್ತಿ ಹೇಳಬೇಕು, ಏಕೆಂದರೆ ಗಟ್ಟಿ ಅಂತ ವಾಪಸ್ ಬಂದ ಎಷ್ಟೋ ಹಾಸಿಗೆಗಳು ನಿಜವಾಗಿ ಚೆನ್ನಾಗಿಯೇ ಇದ್ದವು, ಅವುಗಳಿಗೆ ಗಾಳಿ ಜಾಸ್ತಿ ತುಂಬಿದ್ದರು ಅಷ್ಟೇ. ಪೂರ್ತಿ ತುಂಬಿದ ಹಾಸಿಗೆ ಹಲಗೆ ಇದ್ದಂತೆ. ತುಂಬಿ ಆದ ಮೇಲೆ ಅದರ ಮೇಲೆ ಮಲಗಿ, ನೀವು ದಿನಾ ಮಲಗುವ ರೀತಿಯಲ್ಲೇ. ಮಲಗಿಕೊಂಡೇ ವಾಲ್ವ್ ಸ್ವಲ್ಪ ತೆರೆದು ಗಾಳಿ ಬಿಡಿ. ಭುಜ, ಸೊಂಟ ಒಳಗೆ ಇಳಿಯುವುದು ಗೊತ್ತಾಗುತ್ತದೆ. ಸೊಂಟ ನೆಲಕ್ಕೆ ತಾಗುವ ಸ್ವಲ್ಪ ಮೊದಲು ನಿಲ್ಲಿಸಿ. ತಾಗಿತೋ ಇಲ್ಲವೋ ಅಂತ ಅನುಮಾನ ಬಂದರೆ ಹಾಸಿಗೆಯ ಕೆಳಗೆ ಕೈ ತೂರಿಸಿ ನೋಡಿ.

ಅಗಲವನ್ನು ಹೆಚ್ಚಿನವರು ಕೇಳುವುದೇ ಇಲ್ಲ. ಸಾಮಾನ್ಯವಾಗಿ ಸಿಗುವುದು ಸುಮಾರು 51 ಸೆಂಟಿಮೀಟರ್. ಅಂಗಾತ ಮಲಗಿ ಕೈಗಳನ್ನು ಪಕ್ಕಕ್ಕೆ ಬಿಟ್ಟರೆ ಮೊಣಕೈ ಹೊರಗೆ ಜಾರುತ್ತದೆ, ರಾತ್ರಿಯಿಡೀ ಅದೇ ಕಿರಿಕಿರಿ. 64 ಸೆಂಟಿಮೀಟರಿನದು ಸಿಗುತ್ತದೆ, ತೂಕ ಸ್ವಲ್ಪ ಜಾಸ್ತಿ. ಕಾರಿನಲ್ಲಿ ಹೋಗಿ ಪಕ್ಕದಲ್ಲೇ ಟೆಂಟ್ ಹಾಕುವವರು ತೂಕದ ಯೋಚನೆ ಬಿಟ್ಟು ಅಗಲದ್ದನ್ನೇ ತಗೊಳ್ಳಿ ಅಂತ ನನ್ನ ಸಲಹೆ. ಬೆನ್ನ ಮೇಲೆ ಹೊತ್ತು ನಡೆಯುವವರಿಗೆ ಮಾತ್ರ ಅರ್ಧ ಕಿಲೋ ಕೂಡ ದೊಡ್ಡ ವಿಷಯ. ಇಬ್ಬರಿಗೆ ಒಂದೇ ದೊಡ್ಡ ಗಾಳಿ ಹಾಸಿಗೆ ಬೇಡ. ಒಬ್ಬರು ಹೊರಳಿದರೆ ಇನ್ನೊಬ್ಬರು ಎದ್ದೇಳುತ್ತಾರೆ. ಎರಡು ಬೇರೆ ಬೇರೆ ತಂದು ಪಟ್ಟಿಯಿಂದ ಜೋಡಿಸಿಕೊಳ್ಳಿ.

ಯಾವುದು ತಗೊಳ್ಳಲಿ ಅಂತ ತೋಚದಿದ್ದರೆ, ಕಾರಿನಲ್ಲಿ ಹೋಗುವವರಿಗೆ ನಾವು ಮೊದಲು ತೋರಿಸುವುದು ತಾನೇ ಉಬ್ಬುವ ಹಾಸಿಗೆ. ಒಳಗೆ ಫೋಮ್, ಹೊರಗೆ ಗಾಳಿ ಬಿಡದ ಬಟ್ಟೆ. ವಾಲ್ವ್ ತೆರೆದರೆ ಫೋಮ್ ಹಿಗ್ಗುತ್ತಾ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಸಿಯಾಟಲ್‌ನಲ್ಲಿ, ಬೋಯಿಂಗ್‌ನಲ್ಲಿ ಕೆಲಸ ಮಾಡಿದ್ದ ಎಂಜಿನಿಯರ್‌ಗಳು 1970ರ ದಶಕದ ಆರಂಭದಲ್ಲಿ ಥರ್ಮ್-ಎ-ರೆಸ್ಟ್ ಅಂತ ಇದನ್ನು ಮಾಡಿದರು, ಇವತ್ತಿಗೂ ಅದೇ ಉಪಾಯ ನಡೆಯುತ್ತಿದೆ. ಹೊತ್ತು ನಡೆಯುವವರಿಗೆ ಒಳಪದರ ಇರುವ ಗಾಳಿ ಹಾಸಿಗೆ ಹಗುರ. ಹೊಳೆಯುವ ಹಾಳೆ ಇರುವವು ಕೆಲವು ಹೊರಳಿದಾಗ ಚರಚರ ಸದ್ದು ಮಾಡುತ್ತವೆ, ನಿದ್ದೆ ಸೂಕ್ಷ್ಮ ಇರುವವರು ಕೇಳಿ ನೋಡಿಯೇ ತಗೊಳ್ಳಿ. ಫೋಮ್ ಚಾಪೆ ಎಲ್ಲಕ್ಕಿಂತ ಗಟ್ಟಿ ಮೈಯದು. ತೂತಾದರೂ ಏನೂ ಆಗುವುದಿಲ್ಲ.

ತೂತು ಅಂದೆ ಅಲ್ವಾ, ಬೆಳಿಗ್ಗೆ ಹಾಸಿಗೆ ಮೆತ್ತಗಾಗಿದೆ ಅಂದರೆ ತೂತೇ ಇರಬೇಕು ಅಂತೇನಿಲ್ಲ. ಸಂಜೆ 30 ಡಿಗ್ರಿಯಲ್ಲಿ ತುಂಬಿದ ಗಾಳಿ ರಾತ್ರಿ 5 ಡಿಗ್ರಿಗೆ ಇಳಿದರೆ ಶೇಕಡಾ 8ರಷ್ಟು ಕುಗ್ಗುತ್ತದೆ. ಬೇಗ ತುಂಬಿಟ್ಟು, ತಣ್ಣಗಾದ ಮೇಲೆ, ಮಲಗುವ ಮುಂಚೆ ಇನ್ನೊಂದಿಷ್ಟು ತುಂಬಿ. ಹಗಲು ಇದರ ಉಲ್ಟಾ. ತುಂಬಿದ ಹಾಸಿಗೆಯನ್ನು ಬಿಸಿಲಿನಲ್ಲೋ ಕಾದ ಟೆಂಟಿನಲ್ಲೋ ಬಿಡಬೇಡಿ, ಗಾಳಿ ಹಿಗ್ಗಿ ಒಳಗಿನ ಅಂಟು ಬಿಟ್ಟು ಒಂದು ಕಡೆ ಗೆಡ್ಡೆಯಂತೆ ಉಬ್ಬಿಬಿಡುತ್ತದೆ. ಅದನ್ನು ರಿಪೇರಿ ಮಾಡಲು ನಮ್ಮಿಂದ ಆಗುವುದಿಲ್ಲ. ಬಾಯಿಂದ ಊದುವುದೂ ಬೇಡ, ಉಸಿರಿನ ತೇವ ಒಳಗೇ ಉಳಿದು ಬೂಸ್ಟು ಹಿಡಿಯಬಹುದು. ಅದಕ್ಕೇ ಈಗ ಪ್ರತಿ ಗಾಳಿ ಹಾಸಿಗೆ ಜೊತೆ ಪಂಪ್ ಚೀಲ ಕೊಡುತ್ತೇವೆ. ಮನೆಗೆ ಬಂದ ಮೇಲೆ ಸುತ್ತಿ ಕಟ್ಟಿಡಬೇಡಿ. ತಾನೇ ಉಬ್ಬುವ ಹಾಸಿಗೆಯನ್ನಂತೂ ವಾಲ್ವ್ ತೆರೆದು, ಬಿಡಿಸಿ, ಮಂಚದ ಕೆಳಗೋ ಬೀರುವಿನ ಹಿಂದೋ ಇಡಿ. ತಿಂಗಳುಗಟ್ಟಲೆ ಒತ್ತಿಕೊಂಡೇ ಇದ್ದ ಫೋಮ್‌ಗೆ ಮತ್ತೆ ಹಿಗ್ಗುವ ಶಕ್ತಿ ಹೋಗುತ್ತದೆ.

ಈಗ ಆ ದಪ್ಪ ಹಾಸಿಗೆ ನಮ್ಮಲ್ಲಿ ಕೊಂಡವರಿಗೆ. ಬೇಸಿಗೆಯಲ್ಲಿ ಅದನ್ನು ಧಾರಾಳವಾಗಿ ಬಳಸಿ, ಆಗ ಅದು ಆರಾಮಾಗಿಯೇ ಇರುತ್ತದೆ. ಚಳಿಗಾಲಕ್ಕೂ ಬೇಕು ಅನ್ನುವವರು ಅಂಗಡಿಗೆ ಬನ್ನಿ, ಕೆಳಗೆ ಹಾಸಲು ಒಂದು ಫೋಮ್ ಚಾಪೆ ಕೊಡುತ್ತೇವೆ, ದುಡ್ಡು ಬೇಡ. ಬಿಲ್ ಇಲ್ಲದಿದ್ದರೂ ಪರವಾಗಿಲ್ಲ, ಹಾಸಿಗೆ ತಂದರೆ ಸಾಕು. ಹಾಸಿಗೆಯನ್ನೇ ಬದಲಿಸಬೇಕು ಅಂದರೆ ನೀವು ಕೊಟ್ಟಿದ್ದ ಹಣವನ್ನು ಹೊಸದರ ಬೆಲೆಯಲ್ಲಿ ಪೂರ್ತಿ ಕಳೆದು ಬೇರೆಯದನ್ನು ಕೊಡುತ್ತೇವೆ.

ಹೊಸದಾಗಿ ಕೊಳ್ಳುವವರಿಗೆ ಒಂದು ಮೂಲೆ ಖಾಲಿ ಮಾಡಿದ್ದೇವೆ. ಅಲ್ಲಿ ನೆಲದ ಮೇಲೆ ಏನೂ ಹಾಸಿಲ್ಲ. ಬೇಕಾದ ಹಾಸಿಗೆ ಹಾಸಿಕೊಂಡು ಇಪ್ಪತ್ತು ನಿಮಿಷ ಮಲಗಿ ನೋಡಿ, ಎರಡು ನಿಮಿಷಕ್ಕೆ ಎಲ್ಲ ಹಾಸಿಗೆಯೂ ಹಿತವಾಗಿಯೇ ಇರುತ್ತದೆ. ನಡುವೆ ಯಾರೂ ಬಂದು ಮಾತಾಡಿಸುವುದಿಲ್ಲ. ಬರುವಾಗ ನಿಮ್ಮ ದಿಂಬು ತನ್ನಿ, ಟೆಂಟಿಗೂ ಅದನ್ನೇ ಒಯ್ಯುವವರಾದರೆ.

ಇಂತಿ ನಿಮ್ಮ,
ಅಂಗಡಿಯ ಎಲ್ಲರ ಪರವಾಗಿ