ಸಾಂಟಾನ ಪಕ್ಕ ಗೋದಲಿಗೂ ಜಾಗ ಕೊಡಿ

ಮಾನ್ಯ ಸಂಪಾದಕರೇ,

ಡಿಸೆಂಬರ್ ಬಂತೆಂದರೆ ಪತ್ರಿಕೆಗಳ ಕ್ರಿಸ್‌ಮಸ್ ವಿಶೇಷ ಪುಟಗಳಲ್ಲಿ ಸಾಂಟಾಕ್ಲಾಸ್, ನಕ್ಷತ್ರ, ದೀಪ ಹಚ್ಚಿದ ಮರ ತಪ್ಪದೆ ಕಾಣಿಸಿಕೊಳ್ಳುತ್ತವೆ. ನನಗೆ ಅವುಗಳ ಮೇಲೆ ಸಿಟ್ಟೇನಿಲ್ಲ. ಸಾಂಟಾ ಕೂಡ ಪೂರ್ತಿ ಹೊರಗಿನವನಲ್ಲ. ಈಗಿನ ಟರ್ಕಿಯಲ್ಲಿರುವ ಮೈರಾದಲ್ಲಿ 4ನೇ ಶತಮಾನದಲ್ಲಿ ಬಿಷಪ್ ಆಗಿದ್ದ ಸಂತ ನಿಕೋಲಸ್‌ನೇ ಅವನ ಮೂಲ. ಆದರೆ ಇಡೀ ಪುಟ ಓದಿ ಮುಗಿಸಿದರೂ ಕ್ರೈಸ್ತರು ಈ ಹಬ್ಬದಲ್ಲಿ ನಂಬುವುದೇನು ಎಂಬುದು ಗೊತ್ತಾಗುವುದಿಲ್ಲ. ಒಬ್ಬ ಕ್ರೈಸ್ತನಾಗಿ ಅದನ್ನು ಹೇಳೋಣ ಅಂತ ಈ ಪತ್ರ.

ಯೇಸುವಿನ ಬರ್ತ್‌ಡೇ ಅಂತ ಸುಮ್ನೆ ಹೇಳಿಬಿಡುತ್ತೇವೆ. ಹುಟ್ಟಿದ ದಿನಾಂಕ ಬೈಬಲ್‌ನಲ್ಲಿ ಎಲ್ಲೂ ಇಲ್ಲ. ಡಿಸೆಂಬರ್ 25ರ ಆಚರಣೆಯ ಹಳೆಯ ದಾಖಲೆ ಸಿಗುವುದು ರೋಮ್‌ನಲ್ಲಿ, ಅದೂ 336ರ ಸುಮಾರಿಗೆ. ಬೈಬಲ್‌ನಲ್ಲಿ ಯೇಸುವಿನ ಬದುಕನ್ನು ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಹುಟ್ಟಿನ ಕಥೆ ಇರುವುದು ಮತ್ತಾಯ ಮತ್ತು ಲೂಕ ಬರೆದವುಗಳಲ್ಲಿ ಮಾತ್ರ. ಮಾರ್ಕ ಆ ಸುದ್ದಿಯನ್ನೇ ಎತ್ತುವುದಿಲ್ಲ. ಯೋಹಾನನಲ್ಲಿ ಗೋದಲಿಯೂ (ಕೂಸನ್ನು ಮಲಗಿಸಿದ ಮೇವಿನ ತೊಟ್ಟಿ) ಇಲ್ಲ, ಕುರುಬರೂ ಇಲ್ಲ. ದೇವರ ವಾಕ್ಯ (ಅವನು ಯೇಸುವನ್ನು ಕರೆಯುವುದೇ ಹಾಗೆ) ಮನುಷ್ಯನಾಗಿ ನಮ್ಮ ನಡುವೆ ವಾಸ ಮಾಡಿತು ಎಂಬ ಒಂದೇ ಮಾತು. ವಾಸ ಅನ್ನುವುದಕ್ಕೆ ಅಲ್ಲಿರುವ ಗ್ರೀಕ್ ಪದದೊಳಗೆ ಗುಡಾರ ಹಾಕಿಕೊಳ್ಳುವ ಅರ್ಥ ಇದೆ. ದೇವರು ಬಂದು ನಮ್ಮ ಬಿಡಾರದ ಪಕ್ಕದಲ್ಲೇ ಗುಡಾರ ಹೂಡಿದ! ಈ ಹಬ್ಬದ ತಿರುಳು ನನಗೆ ಸಿಗುವುದು ಇಲ್ಲಿ.

ಕನ್ನಡದಲ್ಲಿ ಇದಕ್ಕೆ ಅವತಾರ ಎಂಬ ಪದ ಸುಲಭವಾಗಿ ಬಾಯಿಗೆ ಬರುತ್ತದೆ. ತಪ್ಪಲ್ಲ. ಆದರೂ ಒಂದು ವ್ಯತ್ಯಾಸವಿದೆ. ಕ್ರೈಸ್ತರ ನಂಬಿಕೆಯಲ್ಲಿ ಇದು ನಡೆದದ್ದು ಒಂದೇ ಸಲ, ಮತ್ತು ಅದು ವೇಷವಲ್ಲ. ಆ ಮಗು ನಿಜಕ್ಕೂ ಹಾಲಿಗೆ ಅತ್ತಿತು. ದೊಡ್ಡವನಾದ ಮೇಲೆ ಹಸಿದ, ದಣಿದ, ಗೆಳೆಯ ಸತ್ತಾಗ ಕಣ್ಣೀರು ಹಾಕಿದ, ಕೊನೆಗೆ ಶಿಲುಬೆಯ ಮೇಲೆ ತಾನೂ ಸತ್ತ. ಇಮ್ಮಾನುವೇಲ್, ಅಂದರೆ ದೇವರು ನಮ್ಮ ಸಂಗಡ ಇದ್ದಾನೆ, ಎನ್ನುವ ಹೆಸರಿಗೆ ತೂಕ ಬರುವುದು ಹೀಗೆ.

ಲೂಕ ಬರೆದ ಒಂದು ವಿಷಯ ನನ್ನನ್ನು ಪ್ರತಿ ವರ್ಷ ಕಾಡುತ್ತದೆ. ರಾತ್ರಿ ಮಂದೆ ಕಾಯುತ್ತಿದ್ದ ಕುರುಬರಿಗೆ ದೇವದೂತ ಒಂದು ಗುರುತು ಹೇಳುತ್ತಾನೆ. ಲೋಕದ ರಕ್ಷಕ ಹುಟ್ಟಿದ್ದಾನೆ ಅಂದಮೇಲೆ ಗುರುತು ಜೋರಾಗಿಯೇ ಇರಬೇಕು, ಅಲ್ವಾ? ಅವನು ಹೇಳುವುದು ಇಷ್ಟೇ: ಬಟ್ಟೆ ಸುತ್ತಿದ ಒಂದು ಕೂಸು ದನದ ಮೇವಿನ ತೊಟ್ಟಿಯಲ್ಲಿ ಮಲಗಿದೆ, ಹೋಗಿ ನೋಡಿ. ತಾಯಿ ಮರಿಯ ಮತ್ತು ಯೋಸೇಫರಿಗೆ ಛತ್ರದಲ್ಲಿ ಜಾಗ ಸಿಕ್ಕಿರಲಿಲ್ಲವಲ್ಲ. ದೇವರನ್ನು ನಾವು ಮೇಲೆ ಎಲ್ಲೋ ಹುಡುಕುತ್ತೇವೆ. ಆ ಕುರುಬರು ಅವನನ್ನು ನೋಡಲು ತೊಟ್ಟಿಯ ಕಡೆ ಬಗ್ಗಬೇಕಾಯಿತು.

ಹಬ್ಬಕ್ಕೆ ಮುಂಚಿನ ನಾಲ್ಕು ಭಾನುವಾರಗಳ ಆಗಮನ ಕಾಲದ ಬಗ್ಗೆಯೂ ಪತ್ರಿಕೆಗಳಲ್ಲಿ ಓದಿದ ನೆನಪಿಲ್ಲ. ಅದು ಕಾಯುವ ಕಾಲ, ತನ್ನನ್ನು ತಿದ್ದಿಕೊಳ್ಳುವ ಕಾಲ. ನಾವೇ ಅದನ್ನು ಶಾಪಿಂಗ್‌ನಲ್ಲಿ ಕಳೆಯುವುದು ಜಾಸ್ತಿ, ಹಾಗಾಗಿ ನಿಮ್ಮನ್ನೊಬ್ಬರನ್ನೇ ದೂರುವುದಿಲ್ಲ.

ಕೊನೆಯದಾಗಿ ಒಂದು ಕೋರಿಕೆ. 26ಕ್ಕೆ ನಿಮ್ಮ ಪುಟಗಳಲ್ಲಿ ಕ್ರಿಸ್‌ಮಸ್ ಮುಗಿದಿರುತ್ತದೆ. ಅನೇಕ ಚರ್ಚುಗಳಲ್ಲಿ ಅದು ಆಗತಾನೇ ಶುರುವಾಗಿರುತ್ತದೆ. ಪಶ್ಚಿಮದ ಸಂಪ್ರದಾಯದಲ್ಲಿ 26 ನಂಬಿಕೆಗಾಗಿ ಕಲ್ಲೇಟು ತಿಂದು ಸತ್ತ ಸ್ತೆಫನನ ದಿನ. 28 ಹೆರೋದ ರಾಜ ಬೆತ್ಲೆಹೇಮಿನಲ್ಲಿ ಕೊಲ್ಲಿಸಿದ ಕೂಸುಗಳ ದಿನ. ಆ ಹೊತ್ತಿಗೆ ಮರಿಯ, ಯೋಸೇಫ ಮಗುವನ್ನು ಎತ್ತಿಕೊಂಡು ರಾತ್ರೋರಾತ್ರಿ ಈಜಿಪ್ಟಿಗೆ ಓಡಿಹೋಗಿದ್ದರು ಎನ್ನುತ್ತಾನೆ ಮತ್ತಾಯ. ಈ ವರ್ಷ 28ರ ಸಂಚಿಕೆಯಲ್ಲಿ ಇದರ ಬಗ್ಗೆ ಒಂದು ಸಣ್ಣ ಬರಹ ಹಾಕಿದರೆ ಸಂತೋಷ.

ಇಂತಿ,
ಒಬ್ಬ ಓದುಗ