ಹಳೇ ಮೈಸೂರಿನ ‘ಜ್ವರ’ವನ್ನೆಲ್ಲ ಟೈಫಾಯ್ಡ್ ಎಂದು ಬರೆಯಬೇಡಿ

ಮಾನ್ಯ ಸಂಪಾದಕರೇ,

ಮೈಸೂರು, ಮಂಡ್ಯ ಸೀಮೆಯನ್ನು ಕಾಡಿದ ಹಳೆಯ ಕಾಯಿಲೆಗಳ ಬಗ್ಗೆ ಪತ್ರಿಕೆಗಳಲ್ಲೂ ಊರಿನ ಸ್ಮರಣ ಸಂಚಿಕೆಗಳಲ್ಲೂ ಲೇಖನಗಳು ಬರುತ್ತಿರುವುದು ಸಂತೋಷದ ವಿಷಯ. ಆದರೆ ಅವುಗಳಲ್ಲಿ ಒಂದು ತಪ್ಪು ಪದೇ ಪದೇ ಕಾಣುತ್ತಿದೆ. ಮರಣ ರಿಜಿಸ್ಟರಿನ ‘ಜ್ವರ’ದ ಕಾಲಮ್ಮಿನಲ್ಲಿರುವ ಸಂಖ್ಯೆಯನ್ನು ಎತ್ತಿ ‘ಇಷ್ಟು ಮಂದಿ ಟೈಫಾಯ್ಡ್‌ಗೆ ಬಲಿ’ ಎಂದು ಬರೆಯುತ್ತಾರೆ. ‘ಆಮಶಂಕೆ’ ಎಂದಿದ್ದರೆ ಬ್ಯಾಕ್ಟೀರಿಯಾ ಸೋಂಕು ಎಂದು ತೀರ್ಮಾನಿಸುತ್ತಾರೆ. ಲ್ಯಾಬ್ ಕೆಲಸ ಬಲ್ಲವರು ಇದನ್ನು ಒಪ್ಪುವುದು ಕಷ್ಟ.

ಹಳ್ಳಿಗಳಲ್ಲಿ ಸಾವಿನ ಕಾರಣ ಬರೆದುಕೊಳ್ಳುತ್ತಿದ್ದವರು ಪಟೇಲರು, ಶಾನುಭೋಗರು. ಮನೆಯವರು ಹೇಳಿದ್ದೇ ಕಾರಣ. ಮೈ ಸುಡುತ್ತಿತ್ತು ಎಂದರೆ ಜ್ವರ, ಹೊಟ್ಟೆ ಕೆಟ್ಟಿತ್ತು ಎಂದರೆ ಭೇದಿ. ಹಾಗಾಗಿ ಜ್ವರದ ಕಾಲಮ್ಮಿನಲ್ಲಿ ಮಲೇರಿಯಾ, ನ್ಯುಮೋನಿಯಾ, ಬಾಣಂತಿ ಜ್ವರ, ವಿಷಮಶೀತ ಜ್ವರ (ಟೈಫಾಯ್ಡ್) ಎಲ್ಲವೂ ಕಲೆತಿವೆ. ಮಂಡ್ಯದ ಕಡೆಯಂತೂ 1930ರ ದಶಕದಲ್ಲಿ ಇರ್ವಿನ್ ನಾಲೆಯ (ಈಗಿನ ವಿಶ್ವೇಶ್ವರಯ್ಯ ನಾಲೆ) ನೀರು ಹರಿದ ಮೇಲೆ ಮಲೇರಿಯಾ ಹೆಚ್ಚಿತ್ತು. ಆ ವರ್ಷಗಳ ಜ್ವರದ ಸಾವುಗಳನ್ನು ಟೈಫಾಯ್ಡ್ ಲೆಕ್ಕಕ್ಕೆ ಹಾಕಿದರೆ ನಾಲೆಯ ಕಥೆಯೇ ಮುಚ್ಚಿಹೋಗುತ್ತದೆ. ಶ್ರೀರಂಗಪಟ್ಟಣದಿಂದ ಬ್ರಿಟಿಷರ ದಂಡನ್ನು ಬೆಂಗಳೂರಿಗೆ ಓಡಿಸಿದ ‘ಪಟ್ಟಣದ ಜ್ವರ’ದ ವಿಷಯವೂ ಹೀಗೆಯೇ. ಅದು 1809ರ ಸುಮಾರಿನ ಮಾತು. ಟೈಫಾಯ್ಡ್ ರೋಗಾಣುವನ್ನು ಎಬರ್ತ್ ಕಂಡದ್ದು 1880ರಲ್ಲಿ, ಗಾಫ್ಕಿ ಅದನ್ನು ಬೆಳೆಸಿದ್ದು 1884ರಲ್ಲಿ.

ಲ್ಯಾಬ್ ಬಂದ ಮೇಲಾದರೂ ಎಲ್ಲ ಸ್ಪಷ್ಟವಾಯಿತೇ? 1896ರಲ್ಲಿ ವಿಡಾಲ್ ಪರೀಕ್ಷೆ ಬಂತು. ರೋಗಿಯ ರಕ್ತದ ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ) ತೆಗೆದು, ಜೀವಂತ ಟೈಫಾಯ್ಡ್ ಕಲ್ಚರಿಗೆ (ಲ್ಯಾಬಿನಲ್ಲಿ ಬೆಳೆಸಿದ ರೋಗಾಣುಗಳಿಗೆ) ಬೆರೆಸಿ, ಓಡಾಡುತ್ತಿದ್ದ ರೋಗಾಣುಗಳು ನಿಂತು ಗುಂಪುಗಟ್ಟುತ್ತವೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡುವುದು ಅದರ ಮೊದಲ ರೂಪ. ಇದಕ್ಕೆ ಹಿಂದಿನ ದಿನ ಬೆಳೆಸಿದ ತಾಜಾ ಕಲ್ಚರ್ ಬೇಕು. ಹಳೆಯದಾದರೆ ಸೀರಂ ಇಲ್ಲದೆಯೂ ತಾನಾಗಿ ಗುಂಪುಗಟ್ಟಬಹುದು. ಕೈತಪ್ಪಿದರೆ ಪರೀಕ್ಷೆ ಮಾಡುವವನಿಗೇ ರೋಗ. ಡ್ರೈಯರ್ ಎಂಬವರ ವಿಧಾನ ಬಂದ ಮೇಲೆ ಫಾರ್ಮಲಿನ್ ಹಾಕಿ ಕೊಂದ, ಒಂದೇ ಅಳತೆಗೆ ತಂದ ರೋಗಾಣು ದ್ರಾವಣ ಬಾಟಲಿಯಲ್ಲಿ ಸಿಗುವಂತಾಯಿತು. ಸೀರಂ ಅನ್ನು ಉಪ್ಪುನೀರಿನಲ್ಲಿ ದುಪ್ಪಟ್ಟು ದುಪ್ಪಟ್ಟಾಗಿ ತೆಳು ಮಾಡುತ್ತಾ (1:20, 1:40, 1:80, 1:160, ಹೀಗೆ) ಸಣ್ಣ ಟ್ಯೂಬುಗಳಲ್ಲಿ ಇಟ್ಟು, ಪ್ರತಿಯೊಂದಕ್ಕೂ ಅಷ್ಟೇ ದ್ರಾವಣ ಸೇರಿಸಿ, 50 ಡಿಗ್ರಿಯ ಆಸುಪಾಸಿನ ನೀರಿನ ತೊಟ್ಟಿಯಲ್ಲಿ ಇಡುವುದು. ಪಕ್ಕದಲ್ಲಿ ಸೀರಂ ಇಲ್ಲದ ಒಂದು ಟ್ಯೂಬು ಇರಲೇಬೇಕು. ಅದರಲ್ಲೂ ರೋಗಾಣುಗಳು ಗುಂಪುಗಟ್ಟಿ ಗರಣೆ ಕಟ್ಟಿದರೆ ಇಡೀ ಸಾಲು ರದ್ದು. ತೊಳೆದ ಟ್ಯೂಬಿನಲ್ಲಿ ಸೋಪು ಅಥವಾ ಆಮ್ಲದ ಅಂಶ ಉಳಿದಿದ್ದರೂ ಇದೇ ಗತಿ. ‘ಎಚ್’ (ರೋಗಾಣುವಿನ ಬಾಲದ ಎಳೆಗೆ ಸಂಬಂಧಿಸಿದ) ದ್ರಾವಣದಲ್ಲಿ ಬಿಡಿಸಿದ ಹತ್ತಿಯಂಥ ಸಡಿಲ ಗರಣೆ, ‘ಓ’ (ಅದರ ಮೈಗೆ ಸಂಬಂಧಿಸಿದ) ದ್ರಾವಣದಲ್ಲಿ ತಳಕ್ಕೆ ಕೂರುವ ನುಣ್ಣನೆಯ ರವೆ. ಕಿಟಕಿ ಬೆಳಕಿಗೆ ಹಿಡಿದು, ಹಿಂದೆ ಕಪ್ಪು ಹಾಳೆ ಇಟ್ಟು ಓದದಿದ್ದರೆ ಈ ಎರಡನೆಯದು ಕಣ್ಣು ತಪ್ಪಿಸುತ್ತದೆ.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಒಂದೇ ಸಲದ ವಿಡಾಲ್‌ನಿಂದ ಟೈಫಾಯ್ಡ್ ಎಂದು ಹೇಳಲಾಗದು. ಗರಣೆ ಕಟ್ಟಿಸುವ ಪ್ರತಿಕಾಯ ರಕ್ತದಲ್ಲಿ ಎದ್ದು ಕಾಣುವುದು ಜ್ವರ ಬಂದು ಸುಮಾರು ಒಂದು ವಾರದ ಮೇಲೆ. ಟೈಫಾಯ್ಡ್ ಬೀಡುಬಿಟ್ಟ ಊರಿನಲ್ಲಿ ಆರೋಗ್ಯವಂತರ ಸೀರಂ ಕೂಡ ಹೆಚ್ಚು ತೆಳು ಮಾಡದ ಟ್ಯೂಬುಗಳಲ್ಲಿ ಗರಣೆ ಕಟ್ಟಿಸುತ್ತದೆ. ಮೊದಲ ಮಹಾಯುದ್ಧದ ಕಾಲದಿಂದ ಸೈನಿಕರಿಗೆ ಟಿ.ಎ.ಬಿ. (ಟೈಫಾಯ್ಡ್, ಪ್ಯಾರಾಟೈಫಾಯ್ಡ್ ಎ ಮತ್ತು ಬಿ) ಲಸಿಕೆ ಚುಚ್ಚತೊಡಗಿದ ಮೇಲಂತೂ ದಂಡಿನ ಸಂಖ್ಯೆಗಳನ್ನು ಓದುವಾಗ ಎರಡು ಪಟ್ಟು ಎಚ್ಚರ ಬೇಕು. ಲಸಿಕೆಯ ‘ಎಚ್’ ಪ್ರತಿಕಾಯ ಬಹುಕಾಲ ಉಳಿಯುತ್ತದೆ, ಬೇರೆ ಯಾವುದೋ ಜ್ವರ ಬಂದಾಗಲೂ ಮೇಲೇಳುತ್ತದೆ. ಏಳರಿಂದ ಹತ್ತು ದಿನ ಬಿಟ್ಟು ಎರಡನೇ ಸಲ ರಕ್ತ ತೆಗೆದು, ಪ್ರಮಾಣ (ಎಷ್ಟು ತೆಳು ಮಾಡುವವರೆಗೆ ಗರಣೆ ಕಟ್ಟುತ್ತದೆ ಎಂಬ ಅಳತೆ) ನಾಲ್ಕು ಪಟ್ಟು ಏರಿದೆಯೇ ಎಂದು ನೋಡಬೇಕು. ಹಳೆಯ ವರದಿಯಲ್ಲಿ ‘ವಿಡಾಲ್ ಪಾಸಿಟಿವ್’ ಎಂದಷ್ಟೇ ಇದ್ದು ದಿನವಾಗಲಿ ಪ್ರಮಾಣವಾಗಲಿ ಇಲ್ಲದಿದ್ದರೆ, ಅದನ್ನು ಅನುಮಾನ ಎಂದು ಬರೆಯಬಹುದು, ಪುರಾವೆ ಎಂದಲ್ಲ.

ಮಲ ಪರೀಕ್ಷೆಯ ಕಷ್ಟ ಬೇರೆ ಥರ. 1897ರಲ್ಲಿ ಜಪಾನಿನ ಶಿಗಾ, 1900ರಲ್ಲಿ ಫಿಲಿಪೀನ್ಸ್‌ನಲ್ಲಿ ಫ್ಲೆಕ್ಸ್‌ನರ್ ಆಮಶಂಕೆಯ ರೋಗಾಣುಗಳನ್ನು ಬೇರ್ಪಡಿಸಿದರು. ಅಮೀಬಾ ಆಮಶಂಕೆ ಇನ್ನೊಂದು. ಅದಕ್ಕೆ ಮಲ ಬಿಸಿಯಾಗಿರುವಾಗಲೇ ಸ್ಲೈಡ್ ಮಾಡಿ ನೋಡಬೇಕು, ಆರಿದರೆ ಅಮೀಬಾ ಚಲಿಸದು. ಬ್ಯಾಕ್ಟೀರಿಯಾಕ್ಕೆ ರಕ್ತ, ಲೋಳೆ ಇರುವ ಚೂರನ್ನೇ ಆರಿಸಿ ಪ್ಲೇಟಿನ ಮೇಲೆ ಎಳೆಯಬೇಕು. ಮೆಕ್‌ಕಾಂಕಿಯವರ ಪಿತ್ತಲವಣ, ಲ್ಯಾಕ್ಟೋಸ್, ನ್ಯೂಟ್ರಲ್ ರೆಡ್ ಬಣ್ಣ ಬೆರೆಸಿದ ಅಗಾರ್ ಎಂಬ ಜೆಲ್ಲಿಯಲ್ಲಿ ಕರುಳಿನ ಮಾಮೂಲಿ ಕೋಲಿ ಬ್ಯಾಕ್ಟೀರಿಯಾ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಟೈಫಾಯ್ಡ್ ಮತ್ತು ಆಮಶಂಕೆಯವು ಬಣ್ಣವಿಲ್ಲದೆ ಉಳಿಯುತ್ತವೆ. ಹಾಗೆ ಉಳಿದದ್ದೆಲ್ಲ ರೋಗಾಣುವೂ ಅಲ್ಲ. ಒಂದೊಂದನ್ನೇ ಎತ್ತಿ ಸಕ್ಕರೆ ಪರೀಕ್ಷೆಗೆ ಹಾಕಿ (ಶಿಗಾದ್ದು ಮ್ಯಾನಿಟಾಲ್ ಹುದುಗಿಸದು, ಫ್ಲೆಕ್ಸ್‌ನರ್‌ದು ಸಾಮಾನ್ಯವಾಗಿ ಹುದುಗಿಸುತ್ತದೆ), ಕಡೆಗೆ ಯಾವ ರೋಗಾಣುವಿನದೆಂದು ಗೊತ್ತಿರುವ ಸೀರಂ ಜೊತೆ ಸ್ಲೈಡಿನ ಮೇಲೆ ಗರಣೆ ನೋಡಬೇಕು. ಉತ್ತರಕ್ಕೆ ಮೂರು ನಾಲ್ಕು ದಿನ.

ಆದರೆ ಸ್ಯಾಂಪಲ್ ಲ್ಯಾಬ್ ತಲುಪಿದ ಮೇಲಿನ ಮಾತು ಇದು. ಶಿಗೆಲ್ಲಾ, ಅಂದರೆ ಶಿಗಾ, ಫ್ಲೆಕ್ಸ್‌ನರ್ ಕಂಡ ಆಮಶಂಕೆಯ ರೋಗಾಣು, ಬಲು ಸೂಕ್ಷ್ಮ. ಮಲ ಹುಳಿಯಾಗುತ್ತಿದ್ದಂತೆ ಕೆಲವೇ ಗಂಟೆಗಳಲ್ಲಿ ಸಾಯುತ್ತದೆ. ನಾಗಮಂಗಲದ ಹಳ್ಳಿಯಿಂದ ಗಾಡಿಯಲ್ಲಿ ಸ್ಟೇಷನ್ನಿಗೆ, ಅಲ್ಲಿಂದ ರೈಲಿನಲ್ಲಿ ಬೆಂಗಳೂರಿಗೆ ಹೋಗಬೇಕಾದ ಡಬ್ಬಿಯಲ್ಲಿ ಅದು ಉಳಿಯುವ ಭರವಸೆ ಎಲ್ಲಿದೆ? ಫಿನಾಯಿಲ್ ಹಾಕಿದ ಪಾತ್ರೆಯಿಂದ ತೆಗೆದ ಮಲವಾದರೆ ಹೊರಡುವ ಮೊದಲೇ ಎಲ್ಲ ಸತ್ತಿರುತ್ತದೆ. ನೂರಕ್ಕೆ 30 ಪಾಲು ಗ್ಲಿಸರಿನ್ ಇರುವ ಉಪ್ಪುನೀರಿನಲ್ಲಿ ಅದ್ದಿ ಕಳಿಸುವ ಪದ್ಧತಿ ಬಂದರೂ, ಹುಳಿ ತಡೆಯುವ ಫಾಸ್ಫೇಟ್ ಸೇರಿಸಿ ಸ್ಯಾಕ್ಸ್ ಎಂಬವರು ಅದನ್ನು ತಿದ್ದಿದ್ದು 1939ರಲ್ಲಿ. ಅದಕ್ಕೆ ಹಾಕುವ, ಹುಳಿಯನ್ನು ತೋರಿಸುವ ಫೀನಾಲ್ ರೆಡ್ ಬಣ್ಣ ಹಳದಿಗೆ ತಿರುಗಿದ್ದರೆ ಆ ಬಾಟಲಿ ಕೆಲಸಕ್ಕೆ ಬಾರದು.

ಕಾಲರಾ ವಿಷಯದಲ್ಲಿ ಮಾತ್ರ ಹಳೆಯ ಲ್ಯಾಬುಗಳ ಮೇಲೆ ಹೆಚ್ಚು ವಿಶ್ವಾಸ ಇಡಬಹುದು. ಕ್ಷಾರೀಯ ಪೆಪ್ಟೋನ್ ನೀರಿಗೆ ಮಲ ಹಾಕಿ 37 ಡಿಗ್ರಿಯಲ್ಲಿ ಆರೆಂಟು ಗಂಟೆ ಇಟ್ಟರೆ ಕಾಲರಾ ರೋಗಾಣುವಾದ ವಿಬ್ರಿಯೋ ಬೇರೆಲ್ಲಕ್ಕಿಂತ ಮುಂಚೆ ಬೆಳೆದು ಮೇಲಕ್ಕೆ ಬರುತ್ತದೆ. ಟ್ಯೂಬನ್ನು ಅಲುಗಿಸದೆ ಮೇಲ್ಪದರದಿಂದಲೇ ಒಂದು ಲೂಪ್ (ತಂತಿಯ ಸಣ್ಣ ಕುಣಿಕೆ) ತುಂಬ ಎತ್ತಬೇಕು. ಸಲ್ಫ್ಯೂರಿಕ್ ಆಮ್ಲದ ಕೆಲವು ಹನಿ ಬಿಟ್ಟಾಗ ಕೆಂಪಾಗುವ ‘ಕಾಲರಾ ರೆಡ್’ ಪರೀಕ್ಷೆಯನ್ನು ಮಾತ್ರ ನಂಬುವಂತಿಲ್ಲ. ಕೆರೆ ನೀರಿನ ನಿರುಪದ್ರವಿ ವಿಬ್ರಿಯೋಗಳೂ ಕೆಂಪಾಗುತ್ತವೆ. ಕಾಲರಾ ಸೀರಂ ಜೊತೆಗಿನ ಗರಣೆಯೇ ನಿರ್ಣಾಯಕ. ಅದಕ್ಕೂ ಮಿತಿಯಿತ್ತು ಎಂಬುದನ್ನು 1905ರಲ್ಲಿ ಸಿನಾಯ್‌ನ ಎಲ್ ಟೋರ್ ಕ್ವಾರಂಟೈನ್ ಕೇಂದ್ರದಲ್ಲಿ, ಕಾಲರಾ ಲಕ್ಷಣವೇ ಇಲ್ಲದೆ ತೀರಿಕೊಂಡ ಹಜ್ ಯಾತ್ರಿಗಳ ಕರುಳಿನಲ್ಲಿ ಸಿಕ್ಕ, ಆ ಸೀರಂ ಜೊತೆ ಗರಣೆ ಕಟ್ಟಿದ ವಿಬ್ರಿಯೋ ತೋರಿಸಿಕೊಟ್ಟಿತು. ದೂರದ ಊರಿನಿಂದ ಸ್ಯಾಂಪಲ್ ಕಳಿಸುವ ತೊಂದರೆಗೆ ನಮ್ಮ ದೇಶದವರೇ ಉತ್ತರ ಕಂಡುಕೊಂಡರು. ವೆಂಕಟರಾಮನ್ ಮತ್ತು ರಾಮಕೃಷ್ಣನ್ 1941ರಲ್ಲಿ ಪ್ರಕಟಿಸಿದ ದ್ರಾವಣಕ್ಕೆ ಬೇಕಾದದ್ದು ಒಂದು ಲೀಟರ್ ನೀರಿಗೆ 20 ಗ್ರಾಂ ಸಮುದ್ರದ ಉಪ್ಪು, 5 ಗ್ರಾಂ ಪೆಪ್ಟೋನ್, ಪಿಎಚ್ 8.6ರಿಂದ 8.8. ಐಸ್ ಬೇಡ, ಇನ್‌ಕ್ಯುಬೇಟರ್ ಬೇಡ, ವಾರಗಟ್ಟಲೆ ವಿಬ್ರಿಯೋ ಬದುಕಿರುತ್ತದೆ. ಈ ಇಬ್ಬರ ಹೆಸರು ನಮ್ಮ ಶಾಲಾ ಪುಸ್ತಕಗಳಲ್ಲಿ ಇರಬೇಕಿತ್ತು.

ಹಾಗಾದರೆ ಹಳೆಯ ದಾಖಲೆಯಲ್ಲಿ ಯಾವುದನ್ನು ನಂಬಬಹುದು? ರಕ್ತದ ಕಲ್ಚರ್‌ನಲ್ಲಿ ರೋಗಾಣು ಬೆಳೆಯಿತು ಎಂದಿದ್ದರೆ ನಂಬಿ. ಎರಡು ದಿನಾಂಕದ, ಏರುತ್ತಿರುವ ವಿಡಾಲ್ ಪ್ರಮಾಣ ಇದ್ದರೆ ಹೆಚ್ಚುಕಡಿಮೆ ನಂಬಿ. ಲ್ಯಾಬ್ ಇಲ್ಲದಿದ್ದರೂ ಶವಪರೀಕ್ಷೆಯಲ್ಲಿ ಸಣ್ಣ ಕರುಳಿನ ಕೊನೆಯ ಭಾಗದ ಪೇಯರ್ ಮಚ್ಚೆಗಳಲ್ಲಿ ಹುಣ್ಣು ಕಂಡಿದೆ ಎಂದು ವೈದ್ಯರು ಬರೆದಿದ್ದರೆ ಅದು ಒಂಟಿ ವಿಡಾಲ್‌ಗಿಂತ ಗಟ್ಟಿ. ಇಂಥ ಬರಹ ಸಿಗುವುದು ಹೆಚ್ಚಾಗಿ ದಂಡು, ಜೈಲು, ದೊಡ್ಡ ಆಸ್ಪತ್ರೆಗಳ ದಾಖಲೆಗಳಲ್ಲಿ. ಹೊಲದಲ್ಲಿ ದುಡಿದು ಮನೆಯಲ್ಲೇ ಸತ್ತವರ ವಿಷಯದಲ್ಲಿ ಇಲ್ಲವೇ ಇಲ್ಲ ಎನ್ನಬಹುದು. ಆದ್ದರಿಂದ ದಂಡಿನ ಅಂಕಿಯನ್ನು ಇಡೀ ಜಿಲ್ಲೆಗೆ ಹರಡಿ ಲೆಕ್ಕ ಹಾಕುವುದೂ ಸಲ್ಲದು.

ತಾವು ಇಂಥ ಲೇಖನ ಪ್ರಕಟಿಸುವಾಗ ರಿಜಿಸ್ಟರಿನಲ್ಲಿರುವ ಪದವನ್ನೇ ಉಳಿಸಿಕೊಳ್ಳಿ. ‘ಜ್ವರ’ ಎಂದಿದ್ದರೆ ಜ್ವರ, ‘ಆಮಶಂಕೆ’ ಎಂದಿದ್ದರೆ ಆಮಶಂಕೆ. ಪರೀಕ್ಷೆ ನಡೆದಿದ್ದರೆ ಯಾವ ಪರೀಕ್ಷೆ, ಕಾಯಿಲೆಯ ಎಷ್ಟನೇ ದಿನ ಎಂದು ಲೇಖಕರನ್ನು ಕೇಳಿ ಒಂದು ಸಾಲು ಸೇರಿಸಿ. ಹಳೆಯ ಆಸ್ಪತ್ರೆಗಳ ಉಗ್ರಾಣದಲ್ಲಿ ಲ್ಯಾಬ್ ರಿಜಿಸ್ಟರುಗಳು ಉಳಿದಿದ್ದರೆ ರದ್ದಿಗೆ ಹಾಕುವ ಮುನ್ನ ಜಿಲ್ಲಾಡಳಿತ ಅವನ್ನು ಪತ್ರಾಗಾರ ಇಲಾಖೆಗೆ ಒಪ್ಪಿಸಬೇಕು.

ಇಂದಿನ ಓದುಗರಿಗೂ ಒಂದು ಮಾತು. ಈಗಲೂ ಜ್ವರ ಬಂದ ಎರಡನೇ ದಿನವೇ ಸ್ಲೈಡ್ ವಿಡಾಲ್ ಮಾಡಿಸಿ ಟೈಫಾಯ್ಡ್ ಎಂದು ಮಾತ್ರೆ ನುಂಗುವವರಿದ್ದಾರೆ. ಟೈಫಾಯ್ಡ್ ಶಂಕೆಯಿದ್ದರೆ ಆ್ಯಂಟಿಬಯಾಟಿಕ್ ಶುರು ಮಾಡುವ ಮೊದಲು ಬ್ಲಡ್ ಕಲ್ಚರ್ ಮಾಡಿಸಬಹುದೇ ಎಂದು ವೈದ್ಯರನ್ನು ಕೇಳಿ. ದೊಡ್ಡವರಿಗೆ 8ರಿಂದ 10 ಮಿ.ಲೀ. ರಕ್ತ ಬೇಕು. ಎರಡು ಮಿ.ಲೀ. ತೆಗೆದು ಕಳಿಸಿದರೆ ರೋಗವಿದ್ದರೂ ‘ಬೆಳವಣಿಗೆ ಇಲ್ಲ’ ಎಂದು ವರದಿ ಬರುವ ಸಾಧ್ಯತೆ ಹೆಚ್ಚು.

— ಲ್ಯಾಬ್ ತಂತ್ರಜ್ಞರು, ಮೈಸೂರು ಮತ್ತು ಮಂಡ್ಯ