ಹಾಸ್ಟೆಲಿನಲ್ಲಿ ಇಲ್ಲದ ಸೂತಕ ಹಟ್ಟಿಯಲ್ಲಿ ಯಾಕೆ?

ಸಂಪಾದಕರೇ,

ಗೊಲ್ಲರಹಟ್ಟಿಗಳ ಸೂತಕದ ಬಗ್ಗೆ, ಅಂದರೆ ಮುಟ್ಟಾದವರನ್ನೂ ಬಾಣಂತಿಯರನ್ನೂ ಹಟ್ಟಿಯಾಚೆ ಇಡುವುದರ ಬಗ್ಗೆ, ನಿಮ್ಮ ಪತ್ರಿಕೆಯಲ್ಲಿ ಬಂದ ಪತ್ರ ಓದಿದೆ. ಅದು ಅವರ ಸಂಸ್ಕೃತಿ, ಹೊರಗಿನವರು ಮೂಗು ತೂರಿಸಬಾರದು ಅಂತ ಬರೆದಿದ್ದರು. ಸರಿ, ನಾನು ಹೊರಗಿನವಳಲ್ಲ. ಶಿರಾ ಕಡೆಯ, ದನ ಕುರಿ ಕಾಯುವ ಕಾಡುಗೊಲ್ಲರ ಹಟ್ಟಿಯಲ್ಲೇ ಹುಟ್ಟಿ ಬೆಳೆದು ಈಗ ತುಮಕೂರಿನಲ್ಲಿ ಡಿಗ್ರಿ ಓದುತ್ತಿದ್ದೇನೆ. ನಾನಂತೂ ಕೇಳಬಹುದು ಅಲ್ವಾ?

ನಮ್ಮ ಹಟ್ಟಿ ಹುಡುಗಿಯರು ಹಾಸ್ಟೆಲಿನಲ್ಲಿ ಮುಟ್ಟಾದರೆ ತಮ್ಮ ಮಂಚದಲ್ಲೇ ಮಲಗುತ್ತಾರೆ, ಎಲ್ಲರ ಜೊತೆ ಕೂತು ಉಣ್ಣುತ್ತಾರೆ, ಪರೀಕ್ಷೆ ಬರೆಯುತ್ತಾರೆ. ಯಾವ ದೇವರೂ ಏನೂ ಅಂದಿಲ್ಲ. ಅದೇ ಹುಡುಗಿ ರಜೆಗೆ ಬಂದಾಗ ಹೊರಗಾದರೆ ಹಟ್ಟಿ ದಾಟಿ ಹೋಗಬೇಕು. ತಟ್ಟೆ, ಚೊಂಬು, ಕಂಬಳಿ ಎಲ್ಲ ಬೇರೆ. ಅವ್ವ ಬಂದು ಮುದ್ದೆಯನ್ನು ಮೇಲಿಂದಲೇ ತಟ್ಟೆಗೆ ಬಿಟ್ಟು, ಸಾರು ಸುರಿದು, ಸೆರಗು ತಾಗದ ಹಾಗೆ ಒತ್ತಿ ಹಿಡಿದುಕೊಂಡು ಹಿಂದೆ ಸರಿಯುತ್ತಾಳೆ. ರಾತ್ರಿ ಹಾವು ಚೇಳಿನ ಭಯ ಒಂದು ಕಡೆ, ಕುಡಿದು ಓಡಾಡುವವರ ಭಯ ಇನ್ನೊಂದು ಕಡೆ. ತಾರೀಕು ಲೆಕ್ಕ ಹಾಕಿಕೊಂಡೇ ಊರಿನ ಬಸ್ಸು ಹತ್ತುವ ಹುಡುಗಿಯರು ನಮ್ಮಲ್ಲಿ ಬೇಕಾದಷ್ಟಿದ್ದಾರೆ.

ಪ್ರಶ್ನೆ ಕೇಳಿದರೆ ಪೂಜಾರಿಗಿಂತ ಮೊದಲು ಬಾಯಿ ಮುಚ್ಚಿಸುವವರು ಹೆಂಗಸರೇ. ಹೀಗೆ ಮಾಡಿ ಅಂತ ನಮ್ಮ ದೇವರು ಜುಂಜಪ್ಪ ಹೇಳಿದ್ನಾ ಅಂತ ಅಜ್ಜಿಯನ್ನು ಕೇಳಿದೆ. 'ನಾನು ಕೂತಿಲ್ವಾ, ನಿಮ್ಮವ್ವ ಕೂತಿಲ್ವಾ, ನಿನಗೇನು ಕೊಂಬು ಬಂದೈತಾ' ಅಂದಳು. ನಾನು ಹೊರಗೆ ಕೂರದಿದ್ದರೆ, ಕುರಿ ಸತ್ತರೂ ಮಳೆ ಹೋದರೂ ನನ್ನ ತಲೆಗೇ ಕಟ್ಟುತ್ತಾರೆ ಅಂತ ಅವಳಿಗೆ ಗೊತ್ತು. ಅಜ್ಜಿಗೆ ದೇವರಿಗಿಂತ ಹಟ್ಟಿಯವರ ಬಾಯಿಗೇ ಭಯ ಜಾಸ್ತಿ. ಅಂದಹಾಗೆ, ಗಣೆ ಅನ್ನುವ ಉದ್ದನೆ ಬಿದಿರಿನ ಕೊಳಲು ಊದಿ ಜುಂಜಪ್ಪನ ಕಥೆ ಹಾಡುವುದನ್ನು ಕೇಳಿಕೊಂಡೇ ಬೆಳೆದವಳು ನಾನು, ಆ ಕಥೆ ಈಗಲೂ ಇಷ್ಟ, ಅದನ್ನು ಬಿಡಿ ಅಂತ ಯಾರೂ ಹೇಳುತ್ತಿಲ್ಲ.

2023ರ ಜುಲೈನಲ್ಲಿ ತುಮಕೂರು ತಾಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಬಾಣಂತಿಯನ್ನು ಊರಾಚೆ ಗುಡಿಸಲಿನಲ್ಲಿ ಇಟ್ಟಿದ್ದರು. ಮಳೆ, ಚಳಿ. ಎಳೆಗೂಸು ತೀರಿಕೊಂಡಿತು. ಆಮೇಲೆ ಅಧಿಕಾರಿಗಳು ಬಂದರು. ಹೆಣ್ಣನ್ನು ಹೀಗೆ ಹೊರಗಿಡುವುದು ಅಪರಾಧ ಅನ್ನುವ 2017ರ ಮೌಢ್ಯ ನಿಷೇಧ ಕಾಯ್ದೆ 2020ರಿಂದಲೇ ಜಾರಿಯಲ್ಲಿತ್ತು. ಅದಕ್ಕೂ ಮೊದಲೇ ಸರ್ಕಾರ ಕೆಲವು ಹಟ್ಟಿಗಳಲ್ಲಿ ಹೀಗೆ ಹೊರಗೆ ಕೂರುವ ಹೆಂಗಸರು ಉಳಿಯಲಿ ಅಂತ ಕೃಷ್ಣ ಕುಟೀರ ಅನ್ನುವ ಕಟ್ಟಡ ಕಟ್ಟಿಸಿತ್ತು. ಗುಡಿಸಲಿಗಿಂತ ಮೇಲು, ಒಪ್ಪುತ್ತೇನೆ, ಬಾಗಿಲಿದೆ, ಚಿಲಕ ಇದೆ. ಆದರೆ ಸರ್ಕಾರವೇ ಸಿಮೆಂಟು ಹಾಕಿ ಕಟ್ಟಿಸಿಕೊಟ್ಟ ಮೇಲೆ, 'ನೋಡವ್ವಾ, ಸರ್ಕಾರವೇ ಒಪ್ಪೈತೆ' ಅಂತ ಹಿರಿಯರು ಹೇಳಿದರೆ ನಾನೇನು ಉತ್ತರ ಕೊಡಲಿ?

ಅಧಿಕಾರಿಗಳು ಗುಡಿಸಲು ಕಿತ್ತು, ಫೋಟೊ ಹೊಡೆಸಿಕೊಂಡು ಹೋಗುತ್ತಾರೆ. ಮಾರನೇ ದಿನ ಬೈಸಿಕೊಳ್ಳುವವಳು ಆ ಹೆಣ್ಣುಮಗಳೇ. ಆಶಾ ಕಾರ್ಯಕರ್ತೆ ಹಟ್ಟಿಯ ಸೊಸೆಯೇ ಆದರೆ ಅವಳೂ ಹೊರಗೆ ಕೂರುತ್ತಾಳೆ, ಬೇರೆಯವರಿಗೆ ಏನಂತ ಬುದ್ಧಿ ಹೇಳುತ್ತಾಳೆ?

ನನ್ನ ಸಿಟ್ಟು ಓದಿದ ನಮ್ಮವರ ಮೇಲೆ. ಮೇಷ್ಟ್ರು, ಪೊಲೀಸರು, ಬೆಂಗಳೂರಿನಲ್ಲಿ ನೌಕರಿ ಮಾಡುವವರು. ಬಾಡಿಗೆ ಮನೆಯಲ್ಲಿ ಇದ್ಯಾವುದನ್ನೂ ಪಾಲಿಸುವುದಿಲ್ಲ, ಎರಡು ರೂಮಿನ ಮನೆಯಲ್ಲಿ ಪಾಲಿಸುವುದಾದರೂ ಹೇಗೆ? ಜಾತ್ರೆಗೆ ಬಂದ ಕೂಡಲೇ ಹೆಂಡತಿ ಮಗಳನ್ನು ಹೊರಗೆ ಕೂರಿಸುತ್ತಾರೆ. ಇವರಲ್ಲಿ ಒಬ್ಬರಾದರೂ ಅಣ್ಣತಮ್ಮಂದಿರು ಸೇರಿದ ಕಡೆ ಎದ್ದು ನಿಂತು, ನನ್ನ ಮಗಳು ಮನೆಯೊಳಗೇ ಇದ್ದಾಳೆ, ಏನು ಮಾಡುತ್ತೀರೋ ಮಾಡಿ ಅನ್ನಲಿ. ಹುಡುಗಿ ಹೇಳಿದರೆ ಬೈಗುಳ, ಸಂಬಳ ತರುವ ಗಂಡಸು ಹೇಳಿದರೆ ಕೂರಿಸಿಕೊಂಡು ಕೇಳುತ್ತಾರೆ.

ದಯವಿಟ್ಟು ನನ್ನ ಹೆಸರು ಹಾಕಬೇಡಿ. ಅಪ್ಪ ನಿಮ್ಮ ಪತ್ರಿಕೆ ಓದುತ್ತಾರೆ.

– ಒಬ್ಬ ವಿದ್ಯಾರ್ಥಿನಿ, ತುಮಕೂರು